ಒಂದನೇ ಕ್ಲಾಸಿಗೆ ಪುಟಾಣಿ ರೆಡಿನಾ? ಕ್ಯಾಲೆಂಡರನ್ನಲ್ಲ, ಟೀಚರನ್ನು ಕೇಳಿ

ಅಡ್ಮಿಷನ್ ಸೀಸನ್ ಬಂತೆಂದರೆ ಸಾಕು, ಐದು ವರ್ಷದ ಮಕ್ಕಳಿರುವ ಮನೆಗಳಲ್ಲಿ ಒಂದೇ ಲೆಕ್ಕಾಚಾರ. "ಜೂನ್ ಒಂದಕ್ಕೆ ನಮ್ಮ ಪುಟ್ಟನಿಗೆ ಐದು ವರ್ಷ ಹತ್ತು ತಿಂಗಳು ಆಗುತ್ತೆ ಕಣ್ರೀ. ಒಂದನೇ ಕ್ಲಾಸಿಗೆ ತಗೋತಾರಾ? ಇಲ್ಲಾ ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಿಸ್ತಾರಾ?" ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ತರಕಾರಿ ಗಾಡಿ ಮುಂದೆ, ಸ್ಕೂಲ್ ವ್ಯಾನಿಗೆ ಕಾಯುವಾಗ ಎಲ್ಲೆಲ್ಲೂ ಇದೇ ಮಾತು. ಫೀಸು, ಒಂದು ವರ್ಷ ಹಾಳಾಗುತ್ತದೆಂಬ ಚಿಂತೆ, ಪಕ್ಕದ ಮನೆಯ ಮಗು ಮುಂದೆ ಹೋಗಿಬಿಡುತ್ತದೆಂಬ ಆತಂಕ... ಅಮ್ಮಂದಿರ ನಿದ್ದೆಗೆಡಿಸಲು ಇಷ್ಟು ಸಾಲದೇ?

ಆದರೆ ಈ ಗದ್ದಲದಲ್ಲಿ ನಾವು ಕೇಳಲೇಬೇಕಾದ ಒಂದು ಪ್ರಶ್ನೆ ಹಿಂದೆ ಸರಿದಿದೆ. ಮಗುವಿಗೆ ಎಷ್ಟು ವರ್ಷ ಅನ್ನುವುದನ್ನು ಜನನ ಪ್ರಮಾಣಪತ್ರ ಹೇಳುತ್ತದೆ. ಮಗು ಎಷ್ಟು ಸಿದ್ಧವಾಗಿದೆ ಅನ್ನುವುದನ್ನು ಹೇಳುವವರು ಯಾರು? ದಿನಾ ನಾಲ್ಕು ಗಂಟೆ ಅದರ ಜೊತೆ ಇರುವ ಟೀಚರ್! ಅವರಿಗೆ ನೋಡಲು ಸಮಯ, ಬರೆದಿಡಲು ಒಂದು ಪುಸ್ತಕ, ಮನೆಯಿಂದ ಒಂದಿಷ್ಟು ಮಾಹಿತಿ ಸಿಕ್ಕರೆ ಈ ಪ್ರಶ್ನೆಯ ಅರ್ಧ ಬಿಸಿ ಇಳಿಯುತ್ತದೆ. ಆ ಸಹಾಯದಲ್ಲಿ ನಮ್ಮ ಪಾಲೂ ಇದೆ.

ಆರು ವರ್ಷದ ಹಗ್ಗಜಗ್ಗಾಟ

ಮೊದಲು ಆಗಿದ್ದೇನು ಅಂತ ನೋಡೋಣ. ನಮ್ಮ ರಾಜ್ಯದಲ್ಲಿ ಐದು ವರ್ಷ ಐದು ತಿಂಗಳು ತುಂಬಿದ ಮಗುವಿಗೆ ಒಂದನೇ ತರಗತಿಗೆ ಪ್ರವೇಶ ಸಿಗುತ್ತಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಆರು ವರ್ಷದವರೆಗೆ ಶಾಲಾಪೂರ್ವ ಶಿಕ್ಷಣ, ಆರಕ್ಕೆ ಒಂದನೇ ತರಗತಿ ಎಂಬ ಲೆಕ್ಕ ಹಾಕಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಆರರಿಂದ ಹದಿನಾಲ್ಕು ವರ್ಷದವರ ಬಗ್ಗೆಯೇ ಮಾತಾಡುತ್ತದೆ. 2022ರ ಜುಲೈನಲ್ಲಿ ಕರ್ನಾಟಕ ಸರ್ಕಾರ, ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂದು ಆದೇಶ ಹೊರಡಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಗತಿಯೇನು ಅಂತ ಪೋಷಕರು ಕೇಳಿದಾಗ, ಅದರ ಜಾರಿಯನ್ನು 2025-26ಕ್ಕೆ ಮುಂದೂಡಿತು.

ಆ ವರ್ಷವೂ ಬಂತು. ಮತ್ತೆ ಅದೇ ಅಳಲು! 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು, ಯುಕೆಜಿ ಮುಗಿಸಿ ಐದು ವರ್ಷ ಐದು ತಿಂಗಳು ತುಂಬಿದ್ದರೆ ಆ ಒಂದು ವರ್ಷದ ಮಟ್ಟಿಗೆ ಒಂದನೇ ತರಗತಿಗೆ ಸೇರಬಹುದು ಎಂದು ಸಡಿಲಿಕೆ ಪ್ರಕಟಿಸಿದರು. 2026-27ರಿಂದ ಆರು ವರ್ಷ ಕಡ್ಡಾಯ ಎಂಬ ಮಾತನ್ನೂ ಅದರ ಜೊತೆಗೇ ಹೇಳಿದರು. ಹೀಗೆ ಮೂರು ವರ್ಷ ಮಕ್ಕಳ ವಯಸ್ಸಿನ ಮೇಲೆ ಹಗ್ಗಜಗ್ಗಾಟ ನಡೆಯಿತು. ನಿಮ್ಮ ಮಗು ಸೇರುವ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂಬುದನ್ನು ಶಾಲೆಯಲ್ಲೇ ಕೇಳಿ ತಿಳಿದುಕೊಳ್ಳಿ. ಅವರಿವರ ಫಾರ್ವರ್ಡ್ ಮೆಸೇಜ್ ನಂಬಬೇಡಿ.

ವಯಸ್ಸು ಹೇಳುವುದು ಎಷ್ಟು?

ನಿಯಮ ಅಂದಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ನಿಜ. ಸಣ್ಣ ಮಕ್ಕಳನ್ನು ಅವಸರದಲ್ಲಿ ದೊಡ್ಡ ಕ್ಲಾಸಿಗೆ ತಳ್ಳದಿರಲು ಆರು ವರ್ಷದ ಗೆರೆ ಒಳ್ಳೆಯದೇ. ಆದರೆ ಗೆರೆಯ ಚೇಷ್ಟೆ ನೋಡಿ. ಮೇ 31ರಂದು ಹುಟ್ಟಿದ ಮಗು ಈ ವರ್ಷ ಒಂದನೇ ಕ್ಲಾಸು. ಅದೇ ವರ್ಷ ಜೂನ್ 2ರಂದು ಹುಟ್ಟಿದ ಮಗು ಮುಂದಿನ ವರ್ಷ! ಇಬ್ಬರ ನಡುವೆ ಇರುವುದು ಎರಡೇ ದಿನ. ಇನ್ನು ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಮಕ್ಕಳ ನಡುವೆ ಹನ್ನೊಂದು ಹನ್ನೆರಡು ತಿಂಗಳ ಅಂತರ ಇರಬಹುದು. ನಮಗೆ ಒಂದು ವರ್ಷ ಏನು ಮಹಾ? ಆರು ವರ್ಷದ ಮಗುವಿಗೆ ಅದು ಬದುಕಿನ ಆರನೇ ಒಂದು ಪಾಲು.

ಹಾಗಾಗಿ ವಯಸ್ಸು ಬಾಗಿಲು ತೆರೆಯುತ್ತದೆ, ಅಷ್ಟೇ. ಒಳಗೆ ಬಂದ ಮಗು ಏನು ಬಲ್ಲದು, ಯಾವುದಕ್ಕೆ ಹೆದರುತ್ತದೆ, ಎಲ್ಲಿಂದ ಕಲಿಸಲು ಶುರುಮಾಡಬೇಕು ಎನ್ನುವುದನ್ನು ಅದು ಹೇಳುವುದಿಲ್ಲ.

ಅಂಬೇಡ್ಕರ್ ವಿಶ್ವವಿದ್ಯಾಲಯ ದೆಹಲಿ, ಅಸರ್ ಸೆಂಟರ್ ಮತ್ತು ಯುನಿಸೆಫ್ ಸೇರಿ ನಡೆಸಿದ ದೊಡ್ಡ ಅಧ್ಯಯನವೊಂದರ ವರದಿ 2017ರಲ್ಲಿ ಹೊರಬಂತು. ಅಸ್ಸಾಂ, ರಾಜಸ್ಥಾನ ಮತ್ತು ತೆಲಂಗಾಣದ ಸುಮಾರು 14,000 ಮಕ್ಕಳನ್ನು ನಾಲ್ಕರ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿದ ಅಧ್ಯಯನ ಅದು. ಶಾಲೆಗೆ ಬರುವ ಹೊತ್ತಿಗೆ ಮಕ್ಕಳ ಸಿದ್ಧತೆ ನಿರೀಕ್ಷೆಗಿಂತ ತುಂಬಾ ಕಡಿಮೆ ಇದ್ದದ್ದು ಕಂಡುಬಂತು. ಖಾಸಗಿ ನರ್ಸರಿಗೆ ಹೋದವರೂ ಇದಕ್ಕೆ ಹೊರತಲ್ಲ! ಕಾರಣ ಊಹಿಸಬಹುದು. ಆಟ, ಕಥೆ, ಮಾತು ಇರಬೇಕಾದ ವಯಸ್ಸಿನಲ್ಲಿ ಬಾಯಿಪಾಠ ಮತ್ತು ಬರವಣಿಗೆ. ನೂರರವರೆಗೆ ಗಿಳಿಪಾಠ ಒಪ್ಪಿಸುವ ಮಗುವಿನ ಮುಂದೆ ಏಳು ಕಡಲೆಬೀಜ ಇಟ್ಟು "ಎಷ್ಟಿದೆ ಎಣಿಸು" ಅಂದರೆ ತಡವರಿಸುತ್ತದೆ.

ಹತ್ತು ನಿಮಿಷದ ಇಂಟರ್‌ವ್ಯೂ

ಹಾಗಾದರೆ ಪರೀಕ್ಷೆ ಮಾಡಿ ನೋಡಬಹುದಲ್ಲ ಅನ್ನುತ್ತೀರಾ? ಗೊತ್ತಿಲ್ಲದ ಕೋಣೆ, ಮೇಜಿನಾಚೆ ಅಪರಿಚಿತ ಮುಖ, ಪಕ್ಕದಲ್ಲಿ ಬೆವರುತ್ತಿರುವ ಅಪ್ಪ ಅಮ್ಮ. "ವಾಟ್ ಈಸ್ ದಿಸ್ ಕಲರ್?" ಅಂದರೆ ಮನೆಯಲ್ಲಿ ಇಡೀ ದಿನ ವಟಗುಟ್ಟುವ ಮಗು ನೆಲ ನೋಡುತ್ತದೆ. ಹತ್ತು ನಿಮಿಷದಲ್ಲಿ ಗೊತ್ತಾಗುವುದು ಮಗುವಿನ ಭಯ, ಸಾಮರ್ಥ್ಯವಲ್ಲ.

ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶದ ಸಮಯದಲ್ಲಿ ಮಗುವನ್ನಾಗಲೀ ತಂದೆ ತಾಯಿಯನ್ನಾಗಲೀ ಜರಡಿ ಹಿಡಿಯುವಂತಿಲ್ಲ. ಮೊದಲ ಬಾರಿ ತಪ್ಪಿಗೆ 25,000 ರೂಪಾಯಿವರೆಗೆ, ಮುಂದಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಇದು ಹೊಸ ಮಾತೇನೂ ಅಲ್ಲ. ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಬೇಡ ಎಂದು ವಿಜ್ಞಾನಿ ಪ್ರೊ. ಯಶಪಾಲ್ ಅವರ ಸಮಿತಿ 1993ರಲ್ಲೇ ಹೇಳಿತ್ತು. 2022ರ ಅಕ್ಟೋಬರ್‌ನಲ್ಲಿ ಬಂದ, ಮೂರರಿಂದ ಎಂಟು ವರ್ಷದವರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈ ವಯಸ್ಸಿಗೆ ಪರೀಕ್ಷೆ ಎಂಬುದೇ ಸೂಕ್ತವಲ್ಲ, ಮಗುವನ್ನು ಗಮನಿಸುವುದು ಮತ್ತು ಅದು ಮಾಡಿದ ಚಿತ್ರ, ಕರಕುಶಲ, ಗೀಚಿದ ಹಾಳೆಗಳನ್ನು ನೋಡಿ ತಿಳಿಯುವುದು, ಇವೆರಡೇ ಸರಿಯಾದ ದಾರಿ ಎಂದಿತು.

ಅಂದರೆ ಉತ್ತರ ಕಾಗದದ ಮೇಲೆ ಸಿಕ್ಕಿದೆ. ಅದು ತರಗತಿಗೆ ಇಳಿಯಬೇಕಷ್ಟೇ.

'ನೋಡುವುದು' ಅಂದರೆ ಸುಮ್ಮನೆ ನೋಡುವುದಲ್ಲ

"ಟೀಚರ್ ದಿನಾ ನೋಡ್ತಾನೇ ಇರ್ತಾರಲ್ಲ, ಇನ್ನೇನು ಹೊಸದು?" ಎಂದು ನೀವು ಕೇಳಬಹುದು. ಮೂವತ್ತು ಮಕ್ಕಳ ಗದ್ದಲದಲ್ಲಿ ಕಣ್ಣಿಗೆ ಬೀಳುವವರು ಇಬ್ಬರೇ. ಒಂದು, ತುಂಬಾ ಜೋರು ಮಗು. ಇನ್ನೊಂದು, ತುಂಬಾ ಚೂಟಿ ಮಗು. ನಡುವೆ ಸುಮ್ಮನೆ ಕೂತ ಇಪ್ಪತ್ತು ಮಕ್ಕಳು ವರ್ಷ ಪೂರ್ತಿ ಕಾಣದೇ ಉಳಿಯುತ್ತಾರೆ. ಆದ್ದರಿಂದಲೇ ಗಮನಿಸುವುದಕ್ಕೂ ಒಂದು ಕ್ರಮ ಬೇಕು.

ಕ್ರಮ ಸುಲಭ. ದಿನಕ್ಕೆ ನಾಲ್ಕೇ ಮಕ್ಕಳು. ಅವರು ಆಡುವಾಗ, ಊಟ ಮಾಡುವಾಗ, ಕಥೆ ಕೇಳುವಾಗ ಕಂಡದ್ದನ್ನು ತಾರೀಖು ಹಾಕಿ ಎರಡೆರಡು ಸಾಲು ಬರೆಯುವುದು. ಮೂವತ್ತು ಮಕ್ಕಳ ತರಗತಿಯಾದರೆ ಎಂಟು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಜೂನ್‌ನಲ್ಲಿ ಅಳು ನಿಂತ ಮೇಲೆ ಒಂದು ಸುತ್ತು, ದಸರಾ ಹೊತ್ತಿಗೆ ಇನ್ನೊಂದು, ಸಂಕ್ರಾಂತಿ ಕಳೆದ ಮೇಲೆ ಮತ್ತೊಂದು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮಗು ನಡೆದು ಬಂದ ದಾರಿ ಕಣ್ಣಿಗೆ ಕಟ್ಟುತ್ತದೆ.

ಬರೆಯುವ ರೀತಿಯೂ ಮುಖ್ಯ. "ಇವನಿಗೆ ಗಮನ ಇಲ್ಲ" ಎಂದು ಬರೆದರೆ ಅದು ತೀರ್ಪು. "ಮಣಿ ಪೋಣಿಸುವಾಗ ಹತ್ತು ನಿಮಿಷ ಕೂತ. ಇಂಗ್ಲಿಷ್ ಕಥೆ ಹೇಳುವಾಗ ಎರಡು ನಿಮಿಷಕ್ಕೆ ಎದ್ದ" ಎಂದು ಬರೆದರೆ ಅದು ಗಮನಿಸಿದ್ದು. ವ್ಯತ್ಯಾಸ ನೋಡಿದಿರಾ? ಮೊದಲನೆಯದು ಮಗುವಿನ ಹಣೆಗೆ ಚೀಟಿ ಅಂಟಿಸುತ್ತದೆ. ಎರಡನೆಯದು, ಗಮನ ಇದೆ, ಭಾಷೆ ಅರ್ಥವಾಗುತ್ತಿಲ್ಲ ಎಂಬ ಸುಳಿವು ಕೊಡುತ್ತದೆ. ಮಾರನೇ ದಿನ ಟೀಚರ್ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿ ನೋಡಬಹುದು. ಆಗ ಅವನು ಪೂರ್ತಿ ಕೂತರೆ ಉತ್ತರ ಸಿಕ್ಕಿತು!

ಟೀಚರ್ ಏನೇನು ಗಮನಿಸಬೇಕು?

ಕೈ ಮೈ: ಒಂಟಿ ಕಾಲಲ್ಲಿ ಕುಪ್ಪಳಿಸುವುದು, ಚೆಂಡು ಹಿಡಿಯುವುದು, ಕತ್ತರಿಯಲ್ಲಿ ಕಾಗದ ಕತ್ತರಿಸುವುದು, ಗುಂಡಿ ಹಾಕಿಕೊಳ್ಳುವುದು. ಬೆರಳಿಗೆ ಹಿಡಿತ ಬಂದಮೇಲೆ ಪೆನ್ಸಿಲ್. ಈ ವಯಸ್ಸಿನಲ್ಲಿ ಮಣಿಕಟ್ಟಿನ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ನಾಲ್ಕು ಪುಟ ಕಾಪಿ ರೈಟಿಂಗ್ ಅದಕ್ಕೆ ಶಿಕ್ಷೆ.

ಮಾತು: ಯಾವ ಭಾಷೆಯಲ್ಲಾದರೂ ಸರಿ, ನಿನ್ನೆ ನಡೆದದ್ದನ್ನು ಹಿಂದು ಮುಂದಾಗದಂತೆ ಹೇಳುತ್ತದಾ? ಎರಡು ಕೆಲಸ ಒಟ್ಟಿಗೆ ಹೇಳಿದರೆ, "ಬ್ಯಾಗ್ ಇಟ್ಟು ಚಾಪೆ ತಾ" ಅಂದರೆ, ನೆನಪಿಟ್ಟು ಮಾಡುತ್ತದಾ? ಪ್ರಾಸದ ಪದ ಕೇಳಿ ನಗುತ್ತದಾ?

ಯೋಚನೆ: ಬಣ್ಣ, ಆಕಾರ, ಗಾತ್ರದ ಪ್ರಕಾರ ಬೇರ್ಪಡಿಸುವುದು. ಒಂದೊಂದನ್ನೂ ಮುಟ್ಟಿ ಎಣಿಸುವುದು. ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನುವುದು.

ಸ್ವಂತ ಕೆಲಸ: ಡಬ್ಬಿ ತೆರೆದು ತಿನ್ನುವುದು, ಟಾಯ್ಲೆಟ್‌ಗೆ ಹೋಗಬೇಕೆಂದು ಹೇಳುವುದು, ಚಪ್ಪಲಿ ಹಾಕಿಕೊಳ್ಳುವುದು, ತನ್ನ ವಸ್ತು ಗುರುತಿಸುವುದು.

ಮನಸ್ಸು: ತನ್ನ ಸರದಿಗೆ ಕಾಯುತ್ತದಾ? ಬೇಜಾರಾದರೆ ಹೇಳುತ್ತದಾ, ಹೊಡೆಯುತ್ತದಾ, ಮೂಲೆ ಸೇರುತ್ತದಾ? ಅಮ್ಮ ಹೋದ ಮೇಲೆ ಎಷ್ಟು ಹೊತ್ತಿಗೆ ಆಟಕ್ಕೆ ಇಳಿಯುತ್ತದೆ?

ಈ ಪಟ್ಟಿಯಲ್ಲಿ ಎ ಬಿ ಸಿ ಡಿ ಬರೆಯುವುದು, ಮಗ್ಗಿ ಹೇಳುವುದು ಎಲ್ಲೂ ಇಲ್ಲ ಗಮನಿಸಿದಿರಾ? ಅವನ್ನು ಕಲಿಸಲೆಂದೇ ಒಂದನೇ ತರಗತಿ ಇರುವುದು! ಕೂತು ಕೇಳುವ, ಕೈ ಆಡಿಸುವ, ಕೇಳಿ ಪಡೆಯುವ ಮಗುವಿಗೆ ಅಕ್ಷರ ತಾನಾಗಿ ಹತ್ತುತ್ತದೆ. ಇನ್ನೊಂದು ಮಾತು. ಇವೆಲ್ಲವೂ ಒಂದೇ ದಿನ, ಎಲ್ಲ ಮಕ್ಕಳಿಗೂ ಬರುವುದಿಲ್ಲ. ಮಾತಿನಲ್ಲಿ ಮುಂದಿರುವ ಮಗು ಕತ್ತರಿ ಹಿಡಿಯುವುದರಲ್ಲಿ ಹಿಂದಿರಬಹುದು. ಅದು ಕೊರತೆಯಲ್ಲ, ಕಲಿಸಲು ಎಲ್ಲಿಂದ ಶುರುಮಾಡಬೇಕೆಂಬ ಗುರುತು.

ಕಣ್ಣು ಮೋಸ ಹೋಗುವುದು ಎಲ್ಲಿ?

ಟೀಚರ್ ಕೂಡ ಮನುಷ್ಯರೇ ತಾನೇ? ನೀಟಾಗಿ ಬರುವ, ಥಟ್ಟನೆ ಉತ್ತರ ಹೇಳುವ ಮಗು ಜಾಣ ಅನಿಸುವುದು ಸಹಜ. "ಇವನ ಅಣ್ಣನೂ ಹೀಗೇ ಇದ್ದ" ಎಂಬ ಮಾತು ಶಾಲೆಗಳಲ್ಲಿ ಹೊಸದಲ್ಲ. ತಾರೀಖು ಹಾಕಿ ಬರೆದಿಡಬೇಕು ಅನ್ನುವುದು ಇದಕ್ಕೇ. ಬರೆದದ್ದನ್ನು ಮತ್ತೆ ಓದಿದಾಗ, ಯಾವ ಮಗುವಿನ ಹೆಸರು ತಿಂಗಳಿಂದ ಬಂದೇ ಇಲ್ಲ ಎನ್ನುವುದು ಅವರಿಗೇ ಗೊತ್ತಾಗುತ್ತದೆ.

ನಮ್ಮ ಊರುಗಳಲ್ಲಿ ದೊಡ್ಡ ಮೋಸ ಭಾಷೆಯದ್ದು. ಬೆಂಗಳೂರಿನ ಒಂದು ಯುಕೆಜಿ ತರಗತಿಗೆ ಹೋಗಿ ನೋಡಿ. ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ತುಳು, ಹಿಂದಿ ಮಾತಾಡುವ ಮಕ್ಕಳು ಒಂದೇ ಚಾಪೆ ಮೇಲೆ ಕೂತಿರುತ್ತಾರೆ. ಪಾಠ ಇಂಗ್ಲಿಷಿನಲ್ಲಿ. ಮಗು ಮೌನವಾಗಿದ್ದರೆ "ಸ್ಲೋ" ಎಂಬ ಹೆಸರು ಬಂದುಬಿಡುತ್ತದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುವುದು ಸಾಮಾನ್ಯ. ಅದು ಸಿದ್ಧವಾಗಿಲ್ಲ ಎಂದಲ್ಲ, ಸಿದ್ಧವಾಗುತ್ತಿದೆ ಎಂದರ್ಥ. ಆದ್ದರಿಂದ ಮನೆಮಾತಿನಲ್ಲಿ ಕೇಳದೆ ಮಗುವಿನ ಬುದ್ಧಿ ಅಳೆಯಬಾರದು.

ಹಾಗೆಂದು ಎಲ್ಲ ಮೌನವನ್ನೂ "ಹೋಗ್ಲಿ ಬಿಡಿ, ದೊಡ್ಡವನಾದ ಮೇಲೆ ಸರಿಹೋಗ್ತಾನೆ" ಎಂದು ತಳ್ಳಿಹಾಕಬೇಡಿ. ಹಿಂದಿನಿಂದ ಕರೆದರೆ ತಿರುಗದ ಮಗು, ಬೋರ್ಡ್ ನೋಡಲು ಕಣ್ಣು ಕಿರಿದು ಮಾಡುವ ಮಗು, ಮನೆಯಲ್ಲೂ ಮಾತು ತೀರಾ ಕಡಿಮೆಯಿರುವ ಮಗು, ಬರುತ್ತಿದ್ದ ಮಾತನ್ನು ನಿಲ್ಲಿಸಿದ ಮಗು... ಇವನ್ನು ಟೀಚರ್ ಹೇಳಿದಾಗ ಸಿಟ್ಟು ಮಾಡಿಕೊಳ್ಳಬಾರದು. ಅವರು ರೋಗದ ಹೆಸರು ಹೇಳುವಂತಿಲ್ಲ, ಕಂಡದ್ದನ್ನು ಹೇಳಬಹುದು. ಮುಂದಿನದು ಡಾಕ್ಟರ ಕೆಲಸ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ಅಂಗನವಾಡಿ, ಸರ್ಕಾರಿ ಶಾಲೆಗಳ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಇದೆ. ಬೇಗ ಗೊತ್ತಾದಷ್ಟೂ ಮಗುವಿಗೆ ಲಾಭ.

ಹೊರಗಿನ ಒಂದು ಮಾದರಿ

ಅಮೆರಿಕದ ವಾಷಿಂಗ್ಟನ್ ರಾಜ್ಯ, ಅಂದರೆ ನಮ್ಮವರು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿರುವ ಸಿಯಾಟಲ್ ಇರುವ ರಾಜ್ಯ. ಅಲ್ಲಿ ಐದು ವರ್ಷಕ್ಕೆ ಕಿಂಡರ್‌ಗಾರ್ಟನ್. ಮಗು ಸೇರುವಾಗ 'ವಾಕಿಡ್ಸ್' ಎಂಬ ವ್ಯವಸ್ಥೆ ಇದೆ. ಮೊದಲು ಟೀಚರ್ ಮತ್ತು ಮನೆಯವರು ಕೂತು ಮಾತಾಡುತ್ತಾರೆ. ಮಗುವಿಗೆ ಏನಿಷ್ಟ, ಏನು ಭಯ, ಮನೆಯಲ್ಲಿ ಯಾವ ಭಾಷೆ, ಎಲ್ಲ. ಆಮೇಲೆ ಮೊದಲ ಕೆಲವು ವಾರ ಟೀಚರ್ ತರಗತಿಯಲ್ಲೇ ಗಮನಿಸುತ್ತಾರೆ. ಬೆರೆಯುವ ಗುಣ, ದೇಹದ ಬೆಳವಣಿಗೆ, ಮಾತು, ಯೋಚನೆ, ಅಕ್ಷರದ ಕಡೆ ಒಲವು, ಲೆಕ್ಕದ ತಿಳಿವು ಎಂಬ ಆರು ವಿಷಯಗಳಲ್ಲಿ ಬರೆದಿಡುತ್ತಾರೆ. ಮಗುವನ್ನು ಹೊರಗೆ ಕಳಿಸಲಿಕ್ಕಲ್ಲ, ಒಳಗೆ ಬಂದ ಮಗುವಿಗೆ ಹೇಗೆ ಕಲಿಸಬೇಕು ಅಂತ ತಿಳಿಯಲಿಕ್ಕೆ.

ನಮ್ಮಲ್ಲೂ ಇಂಥ ಪ್ರಯತ್ನ ಇಲ್ಲದಿಲ್ಲ. 2021ರ ಜುಲೈನಲ್ಲಿ ಬಂದ 'ವಿದ್ಯಾ ಪ್ರವೇಶ' ಒಂದನೇ ತರಗತಿಯ ಮೊದಲ ಮೂರು ತಿಂಗಳನ್ನು ಆಟದ ಮೂಲಕ ಸಿದ್ಧತೆಗೇ ಮೀಸಲಿಡುತ್ತದೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯವಿಡೀ ಹಬ್ಬಿದ 'ನಲಿ-ಕಲಿ'ಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮಗು ಎಲ್ಲಿದೆ ಎಂದು ಟೀಚರ್ ನೋಡದೇ ಇದ್ದರೆ ಅದು ನಡೆಯುವುದೇ ಇಲ್ಲ. ಆದರೆ ಒಬ್ಬರೇ ಟೀಚರ್, ಮೇಲೆ ರಿಜಿಸ್ಟರು, ಸಮೀಕ್ಷೆ, ಆನ್‌ಲೈನ್ ಎಂಟ್ರಿ! ಅಂಗನವಾಡಿ ಕಾರ್ಯಕರ್ತೆಗೆ ಅಡುಗೆ, ತೂಕ, ಲಸಿಕೆಯ ಲೆಕ್ಕವೂ ಸೇರಿದರೆ ಮಗುವಿನ ಮುಖ ನೋಡಲು ಪುರುಸೊತ್ತೆಲ್ಲಿ? ಖಾಸಗಿ ಶಾಲೆಗಳಲ್ಲಿ ಇನ್ನೊಂದು ಬಗೆ. ಅಲ್ಲಿ ಪೋಷಕರಿಗೆ ತೋರಿಸಲು ವರ್ಕ್‌ಶೀಟ್ ತುಂಬಿಸಬೇಕು. ಈ ಒತ್ತಡ ಹಾಕುವವರು ಯಾರು ಹೇಳಿ? ಬಹಳ ಸಲ ನಾವೇ, "ಇವತ್ತು ಏನೂ ಬರೆಸಿಲ್ವಾ ಮಿಸ್?" ಅಂತ ಕೇಳುವ ಅಮ್ಮಂದಿರು.

ಅಮ್ಮಂದಿರ ಕೈಲಿ ಏನಿದೆ?

ಒಂದು ಪುಟದ ಪತ್ರ ಕೊಡಿ. ವರ್ಷದ ಆರಂಭದಲ್ಲಿ ಟೀಚರ್‌ಗೆ ಮಗುವಿನ ಬಗ್ಗೆ ಒಂದೇ ಪುಟ ಬರೆದು ಕೊಡಿ, ಕನ್ನಡದಲ್ಲೇ ಆಗಲಿ. ಮನೆಯಲ್ಲಿ ಆಡುವ ಭಾಷೆ, ಮಗುವನ್ನು ಕರೆಯುವ ಹೆಸರು, ಇಷ್ಟದ ಆಟ, ಭಯ, ಟಾಯ್ಲೆಟ್‌ಗೆ ಬಳಸುವ ಪದ, ಅಲರ್ಜಿ, ಹಗಲು ನಿದ್ದೆ, ಮನೆಯಲ್ಲಿ ಇತ್ತೀಚೆಗೆ ಆದ ಬದಲಾವಣೆ. ಹೊಸ ತಮ್ಮ ಹುಟ್ಟಿದ್ದು, ಅಜ್ಜಿ ಊರಿಗೆ ಹೋಗಿದ್ದು, ಮನೆ ಬದಲಿಸಿದ್ದು ಮಗುವಿನ ವರ್ತನೆಯಲ್ಲಿ ಕಾಣಿಸುತ್ತವೆ. ಟೀಚರ್‌ಗೆ ಗೊತ್ತಿದ್ದರೆ ಅಳುವಿಗೆ ತಪ್ಪು ಅರ್ಥ ಹಚ್ಚುವುದಿಲ್ಲ.

ಪ್ರಶ್ನೆ ಬದಲಿಸಿ. ಪೋಷಕರ ಸಭೆಯಲ್ಲಿ "ಎಷ್ಟು ಮಾರ್ಕ್ಸು, ಯಾರು ಫಸ್ಟು" ಬೇಡ. ಇವನ್ನು ಕೇಳಿ ನೋಡಿ:

• ನನ್ನ ಮಗು ಯಾವ ಆಟದಲ್ಲಿ ಹೆಚ್ಚು ಹೊತ್ತು ಇರುತ್ತೆ?
• ಸಹಾಯ ಬೇಕಾದಾಗ ನಿಮ್ಮನ್ನು ಕೇಳುತ್ತಾ, ಸುಮ್ಮನಿರುತ್ತಾ?
• ಯಾರ ಜೊತೆ ಆಡುತ್ತೆ?
• ಜೂನ್‌ನಲ್ಲಿ ಮಾಡದಿದ್ದ ಯಾವುದನ್ನು ಈಗ ಮಾಡ್ತಿದೆ?
• ನೀವು ಬರೆದಿಟ್ಟ ಒಂದು ಉದಾಹರಣೆ ಹೇಳ್ತೀರಾ?
• ಮನೆಯಲ್ಲಿ ನಾನು ಏನು ಮಾಡಿದರೆ ನಿಮಗೆ ಅನುಕೂಲ?

ಹತ್ತು ಜನ ಅಮ್ಮಂದಿರು ಇದನ್ನೇ ಕೇಳಲು ಶುರುಮಾಡಿದರೆ, ಟೀಚರ್‌ಗೆ ಬರೆದಿಡಲು ಶಾಲೆಯೇ ಸಮಯ ಕೊಡಬೇಕಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ಹೇಳುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳ ಕೋಣೆಯಲ್ಲಿ ನಲವತ್ತು ಮಂದಿ ತುಂಬಿದ್ದರೆ, ಟೀಚರನ್ನು ದೂರುವ ಬದಲು ಅವರಿಗೊಬ್ಬ ಸಹಾಯಕಿಯನ್ನು ಕೊಡಿ ಅಂತ ಮ್ಯಾನೇಜ್‌ಮೆಂಟನ್ನು ಕೇಳಿ.

ಮನೆಯಲ್ಲಿ ಕೆಲಸ ಕೊಡಿ, ಟ್ಯೂಷನ್ ಬೇಡ. ಚಪಾತಿ ಹಿಟ್ಟು ನಾದಲಿ, ಬೆರಳಿಗೆ ಶಕ್ತಿ ಬರುತ್ತದೆ. ಹೆಸರುಕಾಳು, ಅಲಸಂದೆ, ಕಡಲೆ ಬೆರೆಸಿ ಬೇರ್ಪಡಿಸಲು ಕೊಡಿ. "ಊಟಕ್ಕೆ ಐದು ಜನ, ತಟ್ಟೆ ಇಡು" ಅನ್ನಿ, ಅದೇ ಲೆಕ್ಕದ ಮೊದಲ ಪಾಠ. ಅಂಗಳದಲ್ಲಿ, ಇಲ್ಲದಿದ್ದರೆ ಬಾಲ್ಕನಿಯಲ್ಲಿ ಚುಕ್ಕಿ ರಂಗೋಲಿ. ಚೌಕಾಬಾರ ಆಡಿದರೆ ಎಣಿಕೆಯ ಜೊತೆ ಸರದಿಗೆ ಕಾಯುವುದೂ, ಸೋಲುವುದೂ ಬರುತ್ತದೆ. ಕುಂಟೆಬಿಲ್ಲೆ ಒಂಟಿ ಕಾಲಿನ ಕಸರತ್ತು. ರಾತ್ರಿ ಒಂದು ಕಥೆ, ಮಾರನೇ ದಿನ ಅದನ್ನು ಮಗುವೇ ಹೇಳಲಿ. ದುಡ್ಡು ಖರ್ಚಿಲ್ಲ, ಅಡುಗೆ ಕೆಲಸವೂ ನಿಲ್ಲುವುದಿಲ್ಲ!

ನೀವೂ ಬರೆದಿಡಿ. ಹಳೇ ಡೈರಿಯಲ್ಲಿ ವಾರಕ್ಕೆ ಎರಡು ಸಾಲು ಸಾಕು. "ಇವತ್ತು ತಾನೇ ಗುಂಡಿ ಹಾಕಿಕೊಂಡಳು." ಶಾಲೆಯಲ್ಲಿ ಕಂಡದ್ದು, ಮನೆಯಲ್ಲಿ ಕಂಡದ್ದು ಎರಡನ್ನೂ ಸೇರಿಸಿದಾಗ ಮಾತ್ರ ಮಗು ಪೂರ್ತಿ ಕಾಣುತ್ತದೆ. ಶಾಲೆಯಲ್ಲಿ ಮೌನಿ, ಮನೆಯಲ್ಲಿ ಮಾತಿನಮಲ್ಲಿ ಎಂದಾದರೆ ಅದು ಟೀಚರ್‌ಗೆ ತಿಳಿಯಲೇಬೇಕಾದ ಸುದ್ದಿ.

ಹೋಲಿಕೆ ಬೇಡವೇ ಬೇಡ. ಗುಂಪಿನಲ್ಲಿ ಯಾರೋ ಮಗ ಮಗ್ಗಿ ಹೇಳುವ ವಿಡಿಯೋ ಹಾಕಿದರು ಅಂತ ನಿಮ್ಮ ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಬೇಡಿ. ನಾವು ನೋಡುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ಮಗು ಕಲಿಯುವುದು ಬಿಟ್ಟು ಪ್ರದರ್ಶನ ಕೊಡಲು ಶುರುಮಾಡುತ್ತದೆ.

"ಇನ್ನೊಂದು ವರ್ಷ ಯುಕೆಜಿ" ಎಂದರೆ...

ಕೆಲವು ಮಕ್ಕಳಿಗೆ ವಯಸ್ಸು ಸಾಲದೆ ಒಂದು ವರ್ಷ ಕಾಯಬೇಕಾಗಬಹುದು. ಬೇಸರ ಸಹಜ. ಆದರೆ ಅದು ಫೇಲಾದದ್ದಲ್ಲ. ಮಗುವಿನ ಕಿವಿಗೆ ಬೀಳುವಂತೆ "ನಿನ್ನ ಫ್ರೆಂಡ್ಸ್ ಎಲ್ಲ ಮುಂದೆ ಹೋದರು" ಅನ್ನಬೇಡಿ. ಆ ಗಾಯ ಬೇಗ ಮಾಯುವುದಿಲ್ಲ.

ಶಾಲೆಯವರನ್ನು ಮಾತ್ರ ಖಡಾಖಂಡಿತವಾಗಿ ಕೇಳಿ. ಈ ಹೆಚ್ಚುವರಿ ವರ್ಷದಲ್ಲಿ ನನ್ನ ಮಗುವಿಗೆ ಹೊಸದೇನು ಕೊಡುತ್ತೀರಿ? ಅದೇ ಪುಸ್ತಕ, ಅದೇ ವರ್ಕ್‌ಶೀಟ್ ಮತ್ತೊಮ್ಮೆ ತುಂಬಿಸಿ ಪೂರ್ತಿ ಫೀಸು ತೆಗೆದುಕೊಳ್ಳುವುದಾದರೆ ಅದು ಮಗುವಿಗೂ ಅನ್ಯಾಯ, ನಿಮ್ಮ ಜೇಬಿಗೂ ಅನ್ಯಾಯ. ವರ್ಷವಿಡೀ ಬರೆದಿಟ್ಟ ಟಿಪ್ಪಣಿ ಇದ್ದರೆ ಆ ಪ್ರಶ್ನೆಗೆ ಉತ್ತರ ಸುಲಭ. "ಇವಳಿಗೆ ಕಥೆ ಚೆನ್ನಾಗಿ ಬರುತ್ತೆ, ಈ ವರ್ಷ ನಾಟಕ ಆಡಿಸೋಣ. ಕತ್ತರಿ ಹಿಡಿತ ಸಾಲದು, ಕರಕುಶಲ ಹೆಚ್ಚು ಮಾಡಿಸೋಣ." ಟಿಪ್ಪಣಿ ಇಲ್ಲದ ಶಾಲೆಗೆ ಗೊತ್ತಿರುವುದು ಮಗುವಿನ ಹುಟ್ಟಿದ ತಾರೀಖು ಮಾತ್ರ.

ಇನ್ನು ವಯಸ್ಸು ತುಂಬಿದ ಮಗುವನ್ನು "ರೆಡಿ ಇಲ್ಲ" ಎಂದು ಯಾರಾದರೂ ಹೊರಗಿಡಲು ನೋಡಿದರೆ ಒಪ್ಪಬೇಡಿ. ಆರು ತುಂಬಿದ ಮಗುವಿಗೆ ಶಾಲೆ ಹಕ್ಕು. ಗಮನಿಸಿ ಬರೆಯುವುದು ಕಲಿಸಲಿಕ್ಕೆ ಇರುವ ದಾರಿದೀಪ, ಬಾಗಿಲು ಹಾಕಲಿಕ್ಕೆ ಇರುವ ಚಿಲಕ ಅಲ್ಲ. ಮಗು ಶಾಲೆಗೆ ಸಿದ್ಧವಾಗಿದೆಯೇ ಎಂದು ಕೇಳುವಷ್ಟೇ ಗಟ್ಟಿಯಾಗಿ, ಶಾಲೆ ಈ ಮಗುವಿಗೆ ಸಿದ್ಧವಾಗಿದೆಯೇ ಎಂದೂ ಕೇಳಬೇಕು.

ಸರ್ಕಾರದ ಸುತ್ತೋಲೆ ವರ್ಷಕ್ಕೊಮ್ಮೆ ಬದಲಾಗಬಹುದು, ಬದಲಾಗದೇ ಇರಬಹುದು. ಅದು ನಮ್ಮ ಕೈಯಲ್ಲಿಲ್ಲ. ಟೀಚರ್ ಜೊತೆ ತಿಂಗಳಿಗೆ ಐದು ನಿಮಿಷ ಮಾತಾಡುವುದು, ಒಂದು ಪುಟ ಬರೆದು ಕೊಡುವುದು, ಕಾಳು ಬೇರ್ಪಡಿಸುವ ಪುಟ್ಟ ಕೈಗಳನ್ನು ಅವಸರಿಸದೆ ನೋಡುವುದು ನಮ್ಮ ಕೈಯಲ್ಲೇ ಇದೆ. ಈ ವಾರವೇ ಆ ಒಂದು ಪುಟ ಬರೆದುಬಿಡಿ. ನಾಳೆ ಬ್ಯಾಗಿನಲ್ಲಿ ಡಬ್ಬಿಯ ಜೊತೆ ಅದನ್ನೂ ಇಟ್ಟು ಕಳಿಸಿ.